ಪ್ರಹೇಳಿಕೆಯಿಂದ ಪದಬಂಧದವರೆಗೆ: ಅಕ್ಷರಕ್ರೀಡೆಯಲ್ಲಿ ಉಳಿದ ಗೆಳೆತನದ ಚರಿತ್ರೆ

ದಿನಪತ್ರಿಕೆಯ ಒಂದು ಮೂಲೆಯಲ್ಲಿ ಅಚ್ಚಾಗುವ ಪದಬಂಧವನ್ನು ಸಾಹಿತ್ಯದ ಅಭ್ಯಾಸಿಗಳು ಸಾಮಾನ್ಯವಾಗಿ ಅಧ್ಯಯನದ ವಸ್ತುವೆಂದು ಭಾವಿಸುವುದಿಲ್ಲ. ಅದು ಹೊತ್ತು ಕಳೆಯುವ ಆಟ ಎಂಬುದು ರೂಢಿಯ ಮಾತು. ಆದರೆ ಈ ಆಟಕ್ಕೆ ಕನ್ನಡ ಕೊಟ್ಟಿರುವ ಹೆಸರೇ ಒಂದು ದೀರ್ಘ ಪರಂಪರೆಯ ಗುರುತು. ಪದ್ಮಬಂಧ, ಮುರಜಬಂಧ, ಖಡ್ಗಬಂಧ, ಚಕ್ರಬಂಧ ಮೊದಲಾದ ಚಿತ್ರಕವಿತ್ವದ ಬಂಧಗಳ ಸಾಲಿಗೇ ‘ಪದಬಂಧ’ ಎಂಬ ಮಾತೂ ಸೇರುತ್ತದೆ. ‘ಬಂಧ’ ಎಂದರೆ ಕಟ್ಟು. ಬಂಧು, ಸಂಬಂಧ, ಅನುಬಂಧ ಎಂಬ ಮಾತುಗಳೂ ಅದೇ ಧಾತುವಿನಿಂದ ಬಂದವು. ಅಕ್ಷರಗಳನ್ನು ಕಟ್ಟುವ ಆಟ ಜನರನ್ನೂ ಕಟ್ಟುತ್ತದೆ ಎಂಬುದಕ್ಕೆ ನಮ್ಮ ಸಾಹಿತ್ಯಚರಿತ್ರೆಯಲ್ಲಿ ಏನು ಆಧಾರಗಳಿವೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈ ಪರಿಶೀಲನೆಗೆ ಕಲಬುರಗಿ ಸೀಮೆ ಹಲವು ಆಧಾರಗಳನ್ನು ಒದಗಿಸುತ್ತದೆ. ಹಿಂದೆ ಜೇವರ್ಗಿ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಯಡ್ರಾಮಿ ಇರುವ ಜಿಲ್ಲೆಯಲ್ಲಿಯೇ, ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ ಇದೆ. ಅದು ರಾಷ್ಟ್ರಕೂಟರ ಮಾನ್ಯಖೇಟ, ಸುಮಾರು ಕ್ರಿ.ಶ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ರಾಜಧಾನಿ. ಶ್ರೀವಿಜಯನ ‘ಕವಿರಾಜಮಾರ್ಗ’ದ ನೆಲೆ. ಆ ಅರಸನು ಗುರುವೆಂದು ಗೌರವಿಸಿದ ಆಚಾರ್ಯ ಜಿನಸೇನರ ಕೃತಿಗಳಲ್ಲಿ ಅಕ್ಷರಕ್ರೀಡೆಗೂ ಗೆಳೆತನಕ್ಕೂ ಇರುವ ನಂಟು ಎರಡು ಬಗೆಯಲ್ಲಿ ದಾಖಲಾಗಿದೆ.

ಅಲಂಕಾರಶಾಸ್ತ್ರದ ತೀರ್ಪು

ಒಗಟಿನ ಪದ್ಯವನ್ನು ಸಂಸ್ಕೃತ ಲಾಕ್ಷಣಿಕರು ‘ಪ್ರಹೇಳಿಕೆ’ ಎಂದು ಕರೆದರು. ಅದರ ಬಗೆಗೆ ಅವರ ನಿಲುವು ಮೊದಲಿನಿಂದಲೂ ಅನುಮಾನದ್ದು. ವ್ಯಾಖ್ಯಾನದ ನೆರವಿಲ್ಲದೆ ತಿಳಿಯದ ಕಾವ್ಯ ಜಾಣರಿಗೆ ಹಬ್ಬವಾದೀತು, ಮಂದಮತಿಗಳಿಗೆ ಮಾತ್ರ ಅದು ಕೊಲೆಯೇ ಸರಿ ಎಂಬ ಅಭಿಪ್ರಾಯ ಭಾಮಹನದು. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ಚಿತ್ರಕಾವ್ಯವನ್ನು ಕಾವ್ಯದ ಅನುಕರಣೆ ಮಾತ್ರವೆಂದನು. ಮುಂದೆ ಮಮ್ಮಟನು ಅದನ್ನು ಅಧಮ ವರ್ಗಕ್ಕೆ ಸೇರಿಸಿದ ಮೇಲೆ ಈ ತೀರ್ಪು ಸ್ಥಿರವಾಯಿತು. ಇಂದಿನ ತರಗತಿಗಳಲ್ಲಿಯೂ ಚಿತ್ರಕವಿತ್ವವನ್ನು ಪಾಂಡಿತ್ಯದ ಕಸರತ್ತೆಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಡುವುದು ವಾಡಿಕೆ.

ಇವರಲ್ಲಿ ದಂಡಿಯ ನಿಲುವು ಭಿನ್ನ. ಕವಿರಾಜಮಾರ್ಗಕ್ಕೆ ಮುಖ್ಯ ಆಕರವಾದ ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ ಆತನು ಹದಿನಾರು ಬಗೆಯ ಪ್ರಹೇಳಿಕೆಗಳನ್ನು ವಿವರಿಸಿ, ಅವುಗಳ ಉಪಯೋಗಗಳನ್ನೂ ಹೇಳುತ್ತಾನೆ. ಕ್ರೀಡಾಗೋಷ್ಠಿಯ ವಿನೋದ ಮೊದಲನೆಯದು. ಜನ ನೆರೆದಿರುವಾಗ ಬಲ್ಲವರು ತಮ್ಮತಮ್ಮೊಳಗೆ ಗುಟ್ಟಾಗಿ ಮಾತನಾಡಿಕೊಳ್ಳುವುದು ಎರಡನೆಯದು. ಇತರರನ್ನು ಗೊಂದಲಕ್ಕೆ ಕೆಡಹುವುದು ಮೂರನೆಯದು. ಈ ಮೂರರಲ್ಲಿ ಒಂದೂ ರಸದ ಪ್ರಶ್ನೆಯಲ್ಲ. ಮೂರೂ ಜನರ ನಡುವಿನ ಸಂಬಂಧದ ಪ್ರಶ್ನೆಗಳು. ಯಾರು ಒಳಗಿನವರು, ಯಾರು ಹೊರಗಿನವರು, ಯಾರ ಮಾತು ಯಾರಿಗೆ ತಿಳಿಯುತ್ತದೆ ಎಂಬುದನ್ನು ಒಗಟು ನಿರ್ಧರಿಸುತ್ತದೆ. ಕಾವ್ಯವೆಂದು ಅಳೆದಾಗ ಸೋಲುವ ಪ್ರಹೇಳಿಕೆ, ಗೋಷ್ಠಿಯ ನಡೆಯೆಂದು ಅಳೆದಾಗ ಬೇರೆಯೇ ಬೆಲೆ ಪಡೆಯುತ್ತದೆ.

ಗೋಷ್ಠಿಯ ಈ ಹಿನ್ನೆಲೆಗೆ ಬೇರೆ ಸಾಕ್ಷ್ಯಗಳೂ ಇವೆ. ವಾತ್ಸ್ಯಾಯನನ ಅರವತ್ತನಾಲ್ಕು ಕಲೆಗಳಲ್ಲಿ ಪ್ರಹೇಳಿಕೆಯೂ ಕಾವ್ಯಸಮಸ್ಯಾಪೂರಣವೂ ಸೇರಿವೆ. ಜೈನಾಗಮಗಳು ಹೇಳುವ ಎಪ್ಪತ್ತೆರಡು ಕಲೆಗಳಲ್ಲಿಯೂ ಪ್ರಹೇಳಿಕೆಗೆ ಸ್ಥಾನವಿದೆ. ಬಾಣನ ‘ಕಾದಂಬರಿ’ಯ ಆರಂಭದಲ್ಲಿ ಶೂದ್ರಕ ಮಹಾರಾಜನು ಗೆಳೆಯರೊಡನೆ ಹೊತ್ತು ಕಳೆಯುವ ಆಟಗಳ ಪಟ್ಟಿಯಲ್ಲಿ ಅಕ್ಷರಚ್ಯುತಕ, ಮಾತ್ರಾಚ್ಯುತಕ, ಬಿಂದುಮತಿ, ಗೂಢಚತುರ್ಥಪಾದಗಳು ಬರುತ್ತವೆ. ಇವುಗಳಲ್ಲಿ ಬಿಂದುಮತಿ ಇಂದಿನ ಪದಬಂಧಕ್ಕೆ ಬಹು ಹತ್ತಿರದ ಆಟ. ಪದ್ಯದ ವ್ಯಂಜನಗಳ ಜಾಗದಲ್ಲಿ ಬರಿಯ ಚುಕ್ಕೆಗಳನ್ನಿಟ್ಟು ಸ್ವರಚಿಹ್ನೆಗಳನ್ನು ಮಾತ್ರ ಉಳಿಸುತ್ತಾರೆ. ಉಳಿದುದನ್ನು ಎದುರಿಗಿರುವವನು ತುಂಬಬೇಕು. ಖಾಲಿ ಮನೆಗಳನ್ನು ಒಬ್ಬನು ಒಡ್ಡುವುದು, ಇನ್ನೊಬ್ಬನು ತುಂಬುವುದು ಎಂಬ ವ್ಯವಸ್ಥೆ ಹೀಗೆ ಅತ್ಯಂತ ಹಳೆಯದು.

ಮರುದೇವಿಯ ಸುತ್ತಲಿನ ಗೋಷ್ಠಿ

ಬಾಣನ ಚಿತ್ರದಲ್ಲಿ ಆಡುವವರು ಅರಸ ಮತ್ತು ಅವನ ಗೆಳೆಯರು. ಜಿನಸೇನರ ‘ಆದಿಪುರಾಣ’ದ ಹನ್ನೆರಡನೆಯ ಪರ್ವದಲ್ಲಿ ಆಡುವವರೆಲ್ಲರೂ ಹೆಂಗಸರು. ಪ್ರಥಮ ತೀರ್ಥಂಕರನಾದ ವೃಷಭನನ್ನು ಗರ್ಭದಲ್ಲಿ ಧರಿಸಿರುವ ಮರುದೇವಿಗೆ ಒಂಬತ್ತನೆಯ ತಿಂಗಳು ಸಮೀಪಿಸಿದಾಗ, ಅವಳ ಸೇವೆಗೆ ಬಂದ ದೇವಿಯರು ಕಾವ್ಯಗೋಷ್ಠಿಯಿಂದ ಅವಳ ಮನಸ್ಸನ್ನು ರಂಜಿಸುತ್ತಾರೆ. ಅವರು ಒಗಟು ಒಡ್ಡುತ್ತಾರೆ, ಮರುದೇವಿ ಬಿಡಿಸುತ್ತಾಳೆ. ಕ್ರಿಯಾಪದವನ್ನು ಅಡಗಿಸಿದ ಪದ್ಯ, ನಾಲ್ಕನೆಯ ಪಾದವನ್ನು ಮೊದಲ ಮೂರು ಪಾದಗಳ ಅಕ್ಷರಗಳಲ್ಲಿಯೇ ಬಚ್ಚಿಟ್ಟ ಪದ್ಯ, ತುಟಿಗಳು ಸೇರದೆ ಉಚ್ಚರಿಸಬಹುದಾದ ನಿರೋಷ್ಠ್ಯ, ಉತ್ತರ ಪದ್ಯದ ಒಳಗೇ ಇರುವ ಅಂತರ್ಲಾಪಿಕೆ, ಹೊರಗಿನಿಂದ ತರಬೇಕಾದ ಬಹಿರ್ಲಾಪಿಕೆ ಎಂದು ಬಗೆಗಳು ಒಂದಾದ ಮೇಲೊಂದು ಬರುತ್ತವೆ.

ಈ ಸಂಸ್ಕೃತ ಪ್ರಭೇದಗಳ ಮರ್ಮ ಕನ್ನಡದ ಸರಳ ಮಾತುಗಳಲ್ಲಿಯೂ ತಿಳಿಯುತ್ತದೆ. ‘ಕಂಡೆ’ ಎಂಬಲ್ಲಿ ಬಿಂದುವನ್ನು ತೆಗೆದರೆ ‘ಕಡೆ’ ಉಳಿಯುತ್ತದೆ. ಇದು ಬಿಂದುಚ್ಯುತಕದ ಕ್ರಮ. ‘ನಾಡು’ ಎಂಬುದರ ದೀರ್ಘ ಕಳೆದರೆ ‘ನಡು’, ಇದು ಮಾತ್ರಾಚ್ಯುತಕ. ‘ಕವಡೆ’ಯ ನಡುವಣ ಅಕ್ಷರ ಬಿದ್ದರೆ ಮತ್ತೆ ‘ಕಡೆ’, ಇದು ಅಕ್ಷರಚ್ಯುತಕ. ನಡೆಯುವವನಿಗೆ ಬೇಕಾದುದು ಯಾವುದು, ಒಂದನ್ನು ನಾಲ್ಕಾಗಿ ಹಂಚಿದಾಗ ದೊರೆಯುವುದು ಯಾವುದು ಎಂಬ ಎರಡು ಪ್ರಶ್ನೆಗಳಿಗೆ ‘ಕಾಲು’ ಎಂಬ ಒಂದೇ ಉತ್ತರ ಹೊಂದಿದರೆ ಅದು ಏಕಾಲಾಪಕ. ಪದಬಂಧದ ಸುಳಿವುಗಳನ್ನು ಬಿಡಿಸಿ ಬಲ್ಲವರಿಗೆ ಈ ತಂತ್ರಗಳು ಹೊಸವಲ್ಲ. ಹೆಸರುಗಳು ಮಾತ್ರ ಹೊಸವು.

ಪುರಾಣದ ಇಷ್ಟು ಗಂಭೀರವಾದ ಸಂದರ್ಭದಲ್ಲಿ ಆಚಾರ್ಯರು ಈ ಆಟವನ್ನೇಕೆ ತಂದರು? ಪಾಂಡಿತ್ಯ ಪ್ರದರ್ಶನವೆಂಬ ಉತ್ತರ ಸಾಲದು. ಇದೇ ವೃಷಭನು ಮುಂದೆ ತನ್ನ ಮಗಳು ಬ್ರಾಹ್ಮಿಗೆ ಲಿಪಿಯನ್ನೂ ಇನ್ನೊಬ್ಬ ಮಗಳು ಸುಂದರಿಗೆ ಅಂಕಗಳನ್ನೂ ಕಲಿಸುತ್ತಾನೆ. ಲೋಕಕ್ಕೆ ಅಕ್ಷರ ಕೊಡುವವನು ಹುಟ್ಟುವ ಮೊದಲು ಅವನ ತಾಯಿ ಅಕ್ಷರಗಳೊಡನೆ ಆಡುತ್ತಾಳೆ ಎಂಬ ಜೋಡಣೆ ಕಥನದಲ್ಲಿದೆ. ಅದಕ್ಕಿಂತ ಮುಖ್ಯವಾದುದು ಸಂದರ್ಭದ ಲೌಕಿಕತೆ. ದಿನ ತುಂಬಿದ ಬಸುರಿಯನ್ನು ಒಂಟಿಯಾಗಿ ಬಿಡಬಾರದು, ಅವಳ ಆಯಾಸ ಮರೆಯುವಂತೆ ಸುತ್ತಲಿನ ಹೆಂಗಸರು ಮಾತನಾಡುತ್ತಿರಬೇಕು ಎಂಬ ತಿಳಿವು ಈ ಪದ್ಯಗಳ ಹಿಂದಿದೆ. ದೇವಿಯರು ಅಲ್ಲಿ ಪರೀಕ್ಷಕರಲ್ಲ, ಸಖಿಯರು. ಅವಳು ಉತ್ತರ ಹೇಳಲೆಂದೇ ಅವರು ಪ್ರಶ್ನೆ ಕೇಳುತ್ತಾರೆ.

ವಿನಯಸೇನರ ಪ್ರೇರಣೆ

ಜಿನಸೇನರ ಬದುಕಿನಲ್ಲಿ ‘ಪೂರಣ’ ಎಂಬ ಕ್ರಿಯೆ ಮತ್ತೆ ಮತ್ತೆ ಕಾಣುತ್ತದೆ. ಗುರು ವೀರಸೇನರು ಅರ್ಧದಲ್ಲಿ ಬಿಟ್ಟು ಅಗಲಿದ ‘ಜಯಧವಲಾ’ ಟೀಕೆಯನ್ನು ಅವರು ಕ್ರಿ.ಶ. 837ರಲ್ಲಿ ಪೂರ್ಣಗೊಳಿಸಿದರು. ಅವರು ಮುಗಿಸಲಾಗದೆ ಹೋದ ಮಹಾಪುರಾಣವನ್ನು ಶಿಷ್ಯ ಗುಣಭದ್ರರು ಮುಂದುವರಿಸಿ ‘ಉತ್ತರಪುರಾಣ’ದೊಡನೆ ಮುಗಿಸಿದರು. ಒಬ್ಬರು ಬಿಟ್ಟ ಸಾಲನ್ನು ಇನ್ನೊಬ್ಬರು ತುಂಬುವುದು ಈ ಗುರುಶಿಷ್ಯ ಪರಂಪರೆಯ ನಡೆಯೇ ಆಗಿತ್ತು.

ಅದೇ ನಡೆಯನ್ನು ಕಾವ್ಯವಾಗಿಸಿದ ಕೃತಿ ‘ಪಾರ್ಶ್ವಾಭ್ಯುದಯ’. ತಮ್ಮ ಒಂದೊಂದು ಪದ್ಯಕ್ಕೂ ಕಾಳಿದಾಸನ ‘ಮೇಘದೂತ’ದಿಂದ ಒಂದು ಅಥವಾ ಎರಡು ಪಾದಗಳನ್ನು ಎತ್ತಿಕೊಂಡು, ಉಳಿದ ಪಾದಗಳನ್ನು ತಾವೇ ರಚಿಸಿ, ಮಂದಾಕ್ರಾಂತ ವೃತ್ತದ 364 ಪದ್ಯಗಳಲ್ಲಿ ಜಿನಸೇನರು ಪಾರ್ಶ್ವನಾಥನ ಕಥೆಯನ್ನು ಹೇಳಿದ್ದಾರೆ. ಇಡೀ ಮೇಘದೂತವೇ ಇಲ್ಲಿ ಸಮಸ್ಯೆ. ಇಡೀ ಪಾರ್ಶ್ವಾಭ್ಯುದಯವೇ ಪೂರ್ತಿ. ನಲ್ಲೆಯನ್ನು ನೆನೆಯುವ ಯಕ್ಷನ ಸಾಲುಗಳು ಧ್ಯಾನಸ್ಥನಾದ ಪಾರ್ಶ್ವನನ್ನು ಕಾಡುವ ಶಂಬರನ ಮಾತುಗಳಾಗುತ್ತವೆ. ಜನ್ಮಾಂತರಗಳಿಂದ ಬೆಳೆದ ಹಗೆ ಕೊನೆಗೆ ಪಶ್ಚಾತ್ತಾಪದಲ್ಲಿ ಕರಗುವುದೇ ಕಾವ್ಯದ ಮುಕ್ತಾಯ.

ಈ ಕೃತಿ ಹುಟ್ಟಿದ ಬಗೆಗೆ ಎರಡು ನಿರೂಪಣೆಗಳಿವೆ. ಮೊದಲನೆಯದು ಕಾವ್ಯಾಂತ್ಯದ ಪದ್ಯಗಳದು. ಅವುಗಳಲ್ಲಿ ಅಮೋಘವರ್ಷನ ಹೆಸರಿನೊಡನೆ ವಿನಯಸೇನ ಮುನಿಗಳ ಹೆಸರೂ ಇದೆ. ವೀರಸೇನರ ಶಿಷ್ಯರಾದ, ಎಂದರೆ ಜಿನಸೇನರ ಸಹಪಾಠಿಗಳಾದ ವಿನಯಸೇನರು ಪ್ರೇರೇಪಿಸಿದುದರಿಂದ ಮೇಘದೂತವನ್ನು ಒಳಗೊಂಡ ಈ ಕಾವ್ಯ ರಚಿತವಾಯಿತು ಎಂಬುದು ಅಲ್ಲಿಯ ಸರಳ ಹೇಳಿಕೆ. ಶಾಸನಗಳು ಒಬ್ಬ ಗುರುವಿನ ಶಿಷ್ಯರನ್ನು ‘ಸಧರ್ಮರು’ ಎಂದು ಕರೆಯುತ್ತವೆ. ಒಬ್ಬ ಸಧರ್ಮರು ‘ಇದನ್ನು ಮಾಡಿ ನೋಡಿ’ ಎಂದರು, ಇನ್ನೊಬ್ಬರು ಮಾಡಿದರು. ಇಷ್ಟೇ.

ಎರಡನೆಯದು ನಂತರದ ಕಾಲದ ವ್ಯಾಖ್ಯಾನಕಾರ ಯೋಗಿರಾಜ ಪಂಡಿತಾಚಾರ್ಯರು ಹೇಳುವ ಕಥೆ. ಅದರಂತೆ ಕಾಳಿದಾಸನು ಬಂಕಾಪುರದಲ್ಲಿ ಅಮೋಘವರ್ಷನ ಸಭೆಗೆ ಬಂದು ಅಲ್ಲಿಯ ವಿದ್ವಾಂಸರನ್ನು ಲೆಕ್ಕಿಸದೆ ಮೇಘದೂತವನ್ನು ಓದುತ್ತಾನೆ. ವಿನಯಸೇನರ ಪ್ರಚೋದನೆಯಿಂದ ಜಿನಸೇನರು ‘ಇದು ಹಳೆಯ ಕೃತಿಯೊಂದರಿಂದ ಕದ್ದದ್ದು’ ಎನ್ನುತ್ತಾರೆ. ಆ ಕೃತಿಯನ್ನು ತರಲು ಕೆಲವು ದಿನಗಳ ಅವಧಿ ಪಡೆದು ಅಷ್ಟರೊಳಗೆ ಪಾರ್ಶ್ವಾಭ್ಯುದಯವನ್ನು ರಚಿಸುತ್ತಾರೆ. ಸಭೆಯಲ್ಲಿ ಅದನ್ನು ಓದಿ ಕಾಳಿದಾಸನ ಗರ್ವ ಮುರಿದ ಮೇಲೆ ನಿಜ ತಿಳಿಸುತ್ತಾರೆ. ಇದು ಚರಿತ್ರೆಯಾಗಲಾರದು. ಕ್ರಿ.ಶ. 634ರ ಐಹೊಳೆ ಶಾಸನದಲ್ಲಿಯೇ ರವಿಕೀರ್ತಿ ಕಾಳಿದಾಸನನ್ನು ಪ್ರಸಿದ್ಧ ಕವಿಯೆಂದು ಹೆಸರಿಸಿದ್ದಾನೆ. ಅಮೋಘವರ್ಷನ ಸಭೆಗೆ ಕಾಳಿದಾಸನು ಬರುವುದು ಅಸಾಧ್ಯ.

ಕಥೆ ಸುಳ್ಳೆಂದು ತೋರಿಸುವುದು ಸುಲಭ. ಅದು ಏನನ್ನು ಮಾರ್ಪಡಿಸಿತು ಎಂಬುದು ಹೆಚ್ಚು ಮಹತ್ವದ ಪ್ರಶ್ನೆ. ಎರಡೂ ನಿರೂಪಣೆಗಳಲ್ಲಿ ವಿನಯಸೇನರಿದ್ದಾರೆ. ಮೂಲದಲ್ಲಿ ಅವರು ಗೆಳೆಯನಿಂದ ಒಂದು ಕಾವ್ಯವನ್ನು ಬಯಸಿದವರು. ಕಥೆಯಲ್ಲಿ ಅವರು ಅಪರಿಚಿತನೊಬ್ಬನ ಅವಮಾನವನ್ನು ಬಯಸಿದವರು. ಹಗೆ ಕರಗುವ ಕಾವ್ಯದ ಹುಟ್ಟಿಗೆ ಹಗೆಯ ಕಥೆಯೊಂದನ್ನು ಅಂಟಿಸಲಾಯಿತು. ವಾದ, ವಿಜಯ, ಬಿರುದುಗಳ ಭಾಷೆಯಲ್ಲಿಯೇ ವಿದ್ವತ್ತನ್ನು ಕೊಂಡಾಡುವ ಕಾಲಕ್ಕೆ, ಇಬ್ಬರು ಮುನಿಗಳ ನಡುವಿನ ಸ್ನೇಹದ ಒತ್ತಾಯ ಒಂದು ಮಹಾಕೃತಿಗೆ ಸಾಕಾದ ಕಾರಣವೆಂದು ತೋರಲಿಲ್ಲ. ಗೆದ್ದ ಕಥೆ ಹರಡಿತು. ಸ್ನೇಹದ ಪದ್ಯ ಕಾವ್ಯದ ಕೊನೆಯಲ್ಲಿಯೇ ಉಳಿಯಿತು.

ಆಟವೆಂದು ತೋರುವ ಈ ರಚನೆಯಿಂದ ವಿದ್ವತ್ ಲೋಕಕ್ಕಾದ ಲಾಭವನ್ನೂ ಇಲ್ಲಿ ನೆನೆಯಬೇಕು. ಮೇಘದೂತದ ಸಾಲುಗಳನ್ನು ಜಿನಸೇನರು ತಮ್ಮ ಪದ್ಯಗಳ ಒಳಗೆ ನೇಯ್ದುದರಿಂದ, ಆ ಕಾವ್ಯದ ಪಾಠ ಅವರ ಕಾಲದಲ್ಲಿ ಹೇಗಿತ್ತು ಎಂಬುದಕ್ಕೆ ಭದ್ರವಾದ ಸಾಕ್ಷ್ಯ ದೊರೆಯಿತು. ಕೆ. ಬಿ. ಪಾಠಕರು ಇದನ್ನು ಆಧರಿಸಿ 1894ರಲ್ಲಿ ಮೇಘದೂತವನ್ನು ಸಂಪಾದಿಸಿದರು. ಕವಿರಾಜಮಾರ್ಗವನ್ನು 1898ರಲ್ಲಿ ಸಂಪಾದಿಸಿ ಪ್ರಕಟಿಸಿದವರೂ ಅವರೇ.

ಕಂತಿಯ ಕಣ್ಣೀರು

ಕನ್ನಡದಲ್ಲಿ ಸಮಸ್ಯಾಪೂರ್ತಿಯೆಂದೊಡನೆ ನೆನಪಾಗುವುದು ‘ಕಂತಿ ಹಂಪನ ಸಮಸ್ಯೆಗಳು’. ‘ಮಲ್ಲಿನಾಥಪುರಾಣ’, ‘ರಾಮಚಂದ್ರಚರಿತಪುರಾಣ’ಗಳ ಕರ್ತೃವಾದ ನಾಗಚಂದ್ರ, ಅಂದರೆ ಅಭಿನವಪಂಪ, ಅರ್ಧ ಪದ್ಯ ಒಡ್ಡುವುದು, ಕಂತಿ ಎಂಬ ಜೈನ ಕವಯಿತ್ರಿ ಅದನ್ನು ಪೂರ್ಣಗೊಳಿಸುವುದು ಎಂಬುದು ಐತಿಹ್ಯ. ಆಕೆಯ ಐತಿಹಾಸಿಕತೆಯ ಬಗೆಗೆ ವಿದ್ವಾಂಸರಲ್ಲಿ ಸಂದೇಹಗಳಿವೆ. ಆದರೂ ಐತಿಹ್ಯದ ಒಂದು ಪ್ರಸಂಗ ಈ ಚರ್ಚೆಗೆ ಪ್ರಸ್ತುತವಾಗಿದೆ. ಕಂತಿಯ ಬಾಯಿಂದ ತನ್ನ ಹೊಗಳಿಕೆ ಹೊರಡಿಸುತ್ತೇನೆಂದು ಕವಿ ಪಣ ತೊಡುತ್ತಾನೆ. ಆಕೆ ಮಣಿಯುವುದಿಲ್ಲ. ಕೊನೆಗೆ ಅವನು ಸತ್ತಂತೆ ನಟಿಸುತ್ತಾನೆ. ಸುದ್ದಿ ಕೇಳಿ ಓಡಿ ಬಂದ ಕಂತಿ ದುಃಖದಿಂದ ಅವನ ಕವಿತ್ವವನ್ನು ಹೊಗಳುತ್ತಾಳೆ. ಕವಿ ಎದ್ದು ಕುಳಿತು ಪಣ ಗೆದ್ದೆನೆನ್ನುತ್ತಾನೆ.

ಇಲ್ಲಿಯೂ ಕಥೆ ಗೆಲುವನ್ನೇ ಎತ್ತಿ ಹೇಳುತ್ತದೆ. ಆದರೆ ಗೆಲುವಿಗಿಂತ ದೊಡ್ಡದೊಂದನ್ನು ಅದು ತನಗರಿವಿಲ್ಲದೆಯೇ ಬಿಟ್ಟುಕೊಡುತ್ತದೆ. ಬದುಕಿದ್ದಾಗ ಒಂದು ಮೆಚ್ಚುನುಡಿಯನ್ನೂ ಆಡದವಳು, ಒಗಟು ಒಡ್ಡುವವನು ಇನ್ನಿಲ್ಲವೆಂದಾಗ ಓಡಿ ಬರುತ್ತಾಳೆ. ಬಿಡಿಸುವವಳಿಗೆ ಒಡ್ಡುವವನ ಬೆಲೆ ಗೊತ್ತಿತ್ತು. ಮಾತಿನ ಆಟದಲ್ಲಿ ಎದುರಾಳಿಯೇ ಒಡನಾಡಿ, ಅವನಿಲ್ಲದೆ ಆಟವಿಲ್ಲ.

ಒಡಪು, ಕುಬಸ, ಹಾಡಿಕೆ

ಜಿನಸೇನರ ಗೋಷ್ಠಿಯನ್ನು ಗ್ರಂಥಸ್ಥ ಕಲ್ಪನೆಯೆಂದು ಬದಿಗಿಡುವವರು ಕಲಬುರಗಿ, ವಿಜಯಪುರ ಜಿಲ್ಲೆಗಳ ಹೆಣ್ಣುಮಕ್ಕಳ ಲೋಕವನ್ನು ಗಮನಿಸಬೇಕು. ಉತ್ತರ ಕರ್ನಾಟಕದಲ್ಲಿ ‘ಒಡಪು’ ಎಂಬ ಮಾತಿಗೆ ಒಗಟು ಎಂಬ ಅರ್ಥವೂ, ಗಂಡನ ಹೆಸರನ್ನು ಪ್ರಾಸಬದ್ಧ ನುಡಿಯೊಳಗೆ ಸೇರಿಸಿ ಹೇಳುವುದು ಎಂಬ ಅರ್ಥವೂ ಇವೆ. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ, ಸುತ್ತ ನೆರೆದ ಅಕ್ಕತಂಗಿಯರು, ಅತ್ತಿಗೆ ನಾದಿನಿಯರು, ಓಣಿಯ ಗೆಳತಿಯರು ಒಡಪು ಹೇಳೆಂದು ಕಾಡುತ್ತಾರೆ. ಹೇಳಬಾರದ ಹೆಸರನ್ನು ಹೇಳಿಯೂ ಹೇಳದಂತೆ ಹೇಳುವ ಜಾಣತನ ಅಲ್ಲಿ ನಡೆಯುತ್ತದೆ. ನೆರೆದವರ ನಡುವೆ ಬಲ್ಲವರ ಗುಟ್ಟುಮಾತು ಎಂದು ದಂಡಿ ಹೇಳಿದುದು ಇದನ್ನೇ. ಬಸುರಿ, ಸುತ್ತಲೂ ಸಖಿಯರು, ಮಾತಿನ ಆಟ: ಮರುದೇವಿಯ ಗೋಷ್ಠಿಯ ಮೂರು ಅಂಶಗಳೂ ಕುಬಸದ ಪಡಸಾಲೆಯಲ್ಲಿವೆ. ಪುರಾಣದಿಂದ ಜನಪದಕ್ಕೆ ಇಳಿಯಿತೆಂದಾಗಲಿ ಜನಪದದಿಂದ ಪುರಾಣಕ್ಕೆ ಏರಿತೆಂದಾಗಲಿ ಸಾಧಿಸುವ ಅಗತ್ಯವಿಲ್ಲ. ಬದುಕಿನ ಒಂದೇ ಅಗತ್ಯಕ್ಕೆ ಎರಡೂ ಕಡೆ ಒಂದೇ ಉತ್ತರ ದೊರೆತಿದೆ.

ಹರದೇಶಿ ನಾಗೇಶಿ ಹಾಡಿಕೆಯಲ್ಲಿ ಇದೇ ತತ್ತ್ವ ಬಯಲಿಗೆ ಬರುತ್ತದೆ. ಗಂಡು ಹೆಚ್ಚೆಂದು ಒಂದು ಮೇಳ, ಹೆಣ್ಣು ಹೆಚ್ಚೆಂದು ಇನ್ನೊಂದು ಮೇಳ ಸವಾಲು ಜವಾಬಿನಲ್ಲಿ ಇರುಳಿಡೀ ತೊಡಗುತ್ತವೆ. ಸವಾಲಿನ ಪದದಲ್ಲಿ ಒಗಟಿರುತ್ತದೆ. ಜವಾಬಿನ ಪದದಲ್ಲಿ ಅದರ ಬಿಡುಗಡೆ, ಜೊತೆಗೆ ಮರುಸವಾಲು. ಮೊಹರಂ ಸಮಯದ ರಿವಾಯತ್ ಪದಗಳಲ್ಲಿಯೂ ಇಂಥ ಸವಾಲುಗಳುಂಟು. ಹೊರಗಿನವರಿಗೆ ಇದು ಜಗಳದಂತೆ ಕಾಣಬಹುದು. ಆದರೆ ಎದುರು ಮೇಳ ಬಾರದಿದ್ದರೆ ಹಾಡಿಕೆಯೇ ನಿಲ್ಲುತ್ತದೆ. ಎದುರಾಳಿ ಸರಿಯಾದ ಜವಾಬು ಕೊಡಲಿ ಎಂಬ ಹಾರೈಕೆಯಿಂದಲೇ ಸವಾಲು ಹುಟ್ಟುತ್ತದೆ.

ಪದಬಂಧ: ಹೊಸ ರೂಪ, ಹಳೆಯ ನಂಟು

1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವರು ವಜ್ರಾಕಾರದ ಪದಗಳ ಒಗಟೊಂದನ್ನು ಪ್ರಕಟಿಸಿದರು. ಇಂದಿನ ಪದಬಂಧದ ಆರಂಭ ಅದು. ಕನ್ನಡ ಪತ್ರಿಕೆಗಳು ಅದನ್ನು ಸ್ವೀಕರಿಸಿದಾಗ ಒಂದು ಮೂಲಭೂತ ಬದಲಾವಣೆಯಾಯಿತು. ಇಂಗ್ಲಿಷಿನ ಮನೆಯಲ್ಲಿ ಒಂದು ವರ್ಣ ಕೂರುತ್ತದೆ. ಕನ್ನಡದ ಮನೆಯಲ್ಲಿ ಒಂದು ಅಕ್ಷರ, ಅಂದರೆ ಸ್ವರ, ಒತ್ತು, ಅನುಸ್ವಾರಗಳೆಲ್ಲ ಸೇರಿದ ಒಂದು ಘಟಕ ಕೂರುತ್ತದೆ. ರೋಮನ್ ಲಿಪಿಯಲ್ಲಿ ಏಳು ಮನೆ ಬೇಡುವ ‘ಯಡ್ರಾಮಿ’ಗೆ ಕನ್ನಡದಲ್ಲಿ ಯ, ಡ್ರಾ, ಮಿ ಎಂಬ ಮೂರೇ ಮನೆ. ‘ಜೇವರ್ಗಿ’ಗೂ ಜೇ, ವ, ರ್ಗಿ ಎಂದು ಮೂರು. ಅಡ್ಡಲಾಗಿ ಬರುವ ಪದವೂ ಮೇಲಿನಿಂದ ಇಳಿಯುವ ಪದವೂ ಸಂಧಿಸುವ ಮನೆಯಲ್ಲಿ ಒತ್ತು, ಕಾಗುಣಿತ ಸಹಿತ ಅದೇ ಅಕ್ಷರ ಇರಬೇಕು. ಹೆಣೆಯುವವನ ಕಷ್ಟ ಇದರಿಂದ ಹೆಚ್ಚುತ್ತದೆ. ಗೋಮೂತ್ರಿಕೆ, ಸರ್ವತೋಭದ್ರಗಳನ್ನು ಮನೆಗಳಲ್ಲಿ ಬರೆದ ಕವಿಗಳು ಎಣಿಸಿದ್ದೂ ಇದೇ ಅಕ್ಷರವನ್ನು. ಹೊರಗಿನಿಂದ ಬಂದ ಆಟ ಹೀಗೆ ಅರಿವಿಲ್ಲದೆಯೇ ಚಿತ್ರಬಂಧದ ಲೆಕ್ಕಕ್ಕೆ ಮರಳಿತು.

ಮರಳಿದ್ದು ಲೆಕ್ಕ ಮಾತ್ರವಲ್ಲ. ಒಬ್ಬರೇ ಕುಳಿತು ತುಂಬಬಹುದಾದ ಪದಬಂಧವನ್ನು ಜನ ಒಬ್ಬರೇ ತುಂಬುವುದು ಕಡಿಮೆ. ಉಳಿದ ಒಂದು ಪದಕ್ಕಾಗಿ ಓದುವವರು ಪಕ್ಕದವರನ್ನು ಕೇಳುತ್ತಾರೆ. ದೂರದಲ್ಲಿರುವವರು ಮೊಬೈಲಿನಲ್ಲಿ ಸುಳಿವು ಹಂಚಿಕೊಳ್ಳುತ್ತಾರೆ. ಮುಖ ನೋಡದವರ ನಡುವೆಯೂ ಇಂಥ ಒಡನಾಟ ವರ್ಷಗಟ್ಟಲೆ ನಡೆಯುತ್ತದೆ. ಪದದ ನೆಪದಲ್ಲಿ ಮೊದಲಾದ ಮಾತು ಮನೆ, ಮಕ್ಕಳು, ಮಳೆ, ಬೆಳೆಗಳ ಕಡೆಗೆ ಹೊರಳುತ್ತದೆ. ಭಾಷೆಯ ವೈವಿಧ್ಯವೂ ಇಲ್ಲಿ ಸ್ನೇಹಕ್ಕೆ ಕಾರಣ. ಹಳೆಯ ಮೈಸೂರಿನವರಿಗೆ ಸೀಮಂತವೆಂದು ಗೊತ್ತಿರುವುದು ಯಡ್ರಾಮಿಯ ಹೆಣ್ಣುಮಗಳಿಗೆ ಕುಬಸ. ಒಬ್ಬರಿಗೆ ಹೊಳೆಯದ ಪದ ಇನ್ನೊಬ್ಬರ ಮನೆಮಾತು. ಕನ್ನಡದ ಪದಸಂಪತ್ತು ಒಬ್ಬರ ತಲೆಯಲ್ಲಿ ಪೂರ್ತಿಯಾಗಿ ಇರಲಾರದು ಎಂಬ ಸತ್ಯವೇ ಈ ಗೆಳೆತನದ ತಳಹದಿ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದರಿಂದ ಎರಡು ಕೆಲಸಗಳು ಎದುರಾಗುತ್ತವೆ. ಕಾವ್ಯಾಂತ್ಯದ ಪ್ರಶಸ್ತಿ ಪದ್ಯಗಳಲ್ಲಿ ಅರಸ, ಆಶ್ರಯದಾತ, ಗುರುಗಳ ಹೆಸರನ್ನು ಹುಡುಕುವ ಅಧ್ಯಯನ, ವಿನಯಸೇನರಂತೆ ‘ಬರೆಯಿರಿ’ ಎಂದ ಸಧರ್ಮರನ್ನೂ ಹುಡುಕಬೇಕು. ಜಾನಪದ ಸಂಕಲನಗಳಲ್ಲಿ ಸಾಮಾನ್ಯವಾಗಿ ಒಗಟೂ ಉತ್ತರವೂ ಅಚ್ಚಾಗುತ್ತವೆ. ಯಾರು ಯಾರಿಗೆ, ಯಾವ ಹೊತ್ತಿನಲ್ಲಿ ಕೇಳಿದರು ಎಂಬುದು ಬಿಟ್ಟುಹೋಗುತ್ತದೆ. ಒಡಪು ಬಲ್ಲ ಹಿರಿಯ ಹೆಣ್ಣುಮಕ್ಕಳು ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರ ಮಾತಿನೊಡನೆ ಅವರು ಅದನ್ನು ಕೇಳಿದ ಗೆಳತಿಯರ ನೆನಪನ್ನೂ ಬರೆದಿಟ್ಟರೆ ಮಾತ್ರ ಒಡಪಿನ ಸಂಗ್ರಹ ಪೂರ್ಣವಾಗುತ್ತದೆ. ಅದು ಆಗದಿದ್ದರೆ ಉತ್ತರಗಳು ಉಳಿದು, ಕೇಳುವವರು ಮರೆಯಾದ ಪದಬಂಧದಂತೆ ನಮ್ಮ ಚರಿತ್ರೆ ಕಾಣುತ್ತದೆ.